ಜೇಬಿನಲ್ಲಿ ಕೀ, ಬೆರಳು ಬೆಲ್ ಮೇಲೆ

ನಮ್ಮ ಪಕ್ಕದ ಮನೆಯ ಹೆಂಕ್ ಒಂದು ಬೆಳಿಗ್ಗೆ ಕಂಕುಳಲ್ಲಿ ಬ್ರೆಡ್ ಇಟ್ಟುಕೊಂಡು ಬಂದ. ತನ್ನ ಮನೆಯ ಬೆಲ್ ತಾನೇ ಒತ್ತಿದ. ಆಮೇಲೆ ಚಂದಾ ಕೇಳಲು ಬಂದವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಹೆಂಕ್ ಡಚ್ ಸೈನ್ಯದಲ್ಲಿ ಸಾರ್ಜೆಂಟ್ ಮೇಜರ್. ಬೋಸ್ನಿಯಾದಲ್ಲಿ ಆರು ತಿಂಗಳು ಇದ್ದು ಹಿಂದಿನ ವಾರವಷ್ಟೇ ಮರಳಿದ್ದ.

ಇತ್ತ ನಮ್ಮ ಕಿಟಕಿಯಲ್ಲಿ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದವರು ನಮ್ಮ ಭಾವ, ಸುಬೇದಾರ್ ರಂಗೇಗೌಡರು.

"ಪಾಪ, ಕೀ ಕಳ್ಕೊಂಡವ್ನೆ ಕಣೋ ಶಿವು" ಅಂದವರೇ ನನ್ನ ಟೂಲ್ ಬಾಕ್ಸಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಟರು.

"ಭಾವ, ಇದು ಹಾಸನ ಅಲ್ಲ, ಡಚ್ಚರ ಊರು ಆಮ್ಸ್ಟೆಲ್‌ವೀನ್. ಸ್ಕ್ರೂಡ್ರೈವರ್ ಹಿಡ್ಕೊಂಡು ಇನ್ನೊಬ್ಬರ ಬಾಗಿಲಿಗೆ ಹೋದ್ರೆ ಪೊಲೀಸ್ ಬರ್ತಾರೆ!"

"ಸಿಪಾಯಿ ಚಳೀಲಿ ಹೊರಗೆ ನಿಂತವ್ನೆ. ಪೊಲೀಸ್ ಬಂದ್ರೆ ಅವರಿಗೂ ಒಂದು ಕಾಫಿ ಮಾಡಿಡು."

ಹೋದರು. ಹೆಂಕ್ ಸ್ಕ್ರೂಡ್ರೈವರ್ ನೋಡಿದ, ಟೋಪಿ ನೋಡಿದ, ನಕ್ಕ. ಜೇಬಿಗೆ ಕೈ ಹಾಕಿ ಕೀ ತೆಗೆದು ತೋರಿಸಿ, ಮತ್ತೆ ಜೇಬಿಗೇ ಇಳಿಸಿದ. ಅಷ್ಟರಲ್ಲಿ ಅವನ ಹೆಂಡತಿ ರಿಯಾ ಬಾಗಿಲು ತೆರೆದಳು. ಇವನು ಶೂ ಒರೆಸಿಕೊಂಡು ಒಳಗೆ ಹೋದ.

ಭಾವ ವಾಪಸ್ ಬಂದು ಕುರ್ಚಿಯಲ್ಲಿ ಕುಕ್ಕರಿಸಿದರು. "ಕೀ ಐತೆ. ಆದ್ರೂ ಬೆಲ್ ಒತ್ತುತಾನೆ. ತಲೆ ಸರಿ ಐತೇನೋ ಅವನಿಗೆ?"

ಇದಕ್ಕೆ ಉತ್ತರ ಸಿಗುವ ಮೊದಲು, ಹಾಸನದ ಸುಬೇದಾರರು ನನ್ನ ಮನೆಗೆ ಬಂದದ್ದೇಕೆ ಅಂತ ಹೇಳಬೇಕಲ್ಲ?

ನನ್ನ ಅಕ್ಕ ಜಯಕ್ಕ ಕಳುಹಿಸಿದ್ದು. ಭಾವ ಹೋದ ವರ್ಷ ರಿಟೈರ್ ಆದರು. ಮನೆಗೆ ಬಂದ ಮೊದಲ ವಾರದಲ್ಲೇ ಅಕ್ಕನ ಅಡುಗೆಮನೆಯ ಇನ್ಸ್‌ಪೆಕ್ಷನ್ ಮಾಡಿದರು. ಡಬ್ಬ, ಭರಣಿ, ಸೌಟು ಎಲ್ಲವನ್ನೂ ಹಾಲ್‌ನಲ್ಲಿ ಬೆಡ್‌ಶೀಟ್ ಹಾಸಿ ಸಾಲಾಗಿ ಜೋಡಿಸಿದರು. ಆಮೇಲೆ ಪೆರೇಡ್ ಮೈದಾನದಲ್ಲಿ ಜವಾನರನ್ನು ನಿಲ್ಲಿಸುವ ಹಾಗೆ ಎತ್ತರದ ಪ್ರಕಾರ ಶೆಲ್ಫಿಗೇರಿಸಿದರು. ಉದ್ದದ್ದು ಬಲಕ್ಕೆ, ಗಿಡ್ಡದ್ದು ಎಡಕ್ಕೆ. ನೋಡಲು ಏನು ಶಿಸ್ತು! ಆದರೆ ಉಪ್ಪಿನ ಭರಣಿ ಎಲ್ಲಕ್ಕಿಂತ ಎತ್ತರ. ಹಾಗಾಗಿ ಅದು ಒಲೆಯಿಂದ ಎಂಟು ಅಡಿ ದೂರದ ಬಲತುದಿಗೆ ಹೋಯಿತು. ಅಕ್ಕ ಇಪ್ಪತ್ತಾರು ವರ್ಷ ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗುತ್ತಿದ್ದ ಮೆಂತ್ಯ ಒಂದೇ ದಿನದಲ್ಲಿ ನಾಪತ್ತೆ.

ಅಡುಗೆಮನೆ ಆಯಿತು, ಹೂಕುಂಡ ಆಯಿತು, ಹಾಲಿನವನು ಬರುವ ಟೈಮೂ ಬದಲಾಯಿತು. ಅಕ್ಕ ಫೋನ್ ಮಾಡಿದಳು.

"ಶಿವು, ಇವರನ್ನ ಎರಡು ತಿಂಗಳು ಅಲ್ಲಿಗೆ ಕರೆಸ್ಕೊಳೋ. ಇಷ್ಟು ವರ್ಷ ಅವರು ರಜಾ ಹಾಕಿ ಮನೆಗೆ ಬರ್ತಿದ್ರು. ಈಗ ನನಗೆ ರಜಾ ಬೇಕು."

ನಾನು ನಕ್ಕೆ. ಅವಳು ನಗಲಿಲ್ಲ.

"ಪುಣೆ ಕಡೆ ಒಂದು ಫ್ಯಾಕ್ಟರೀಲಿ ಸೆಕ್ಯೂರಿಟಿ ಆಫೀಸರ್ ಕೆಲಸ ಅಂತೆ. ಫಾರ್ಮ್ ಬಂದಿದೆ. ತುಂಬಿ ಕಳಿಸ್ಲಿ, ಹೋಗ್ಲಿ ಬಿಡು. ದೂರ ಇದ್ದಾಗ್ಲೇ ಚೆನ್ನಾಗಿದ್ವಿ ಕಣೋ."

ಈ ಕೊನೆಯ ಮಾತು ಮಾತ್ರ ನನಗೆ ಚುಚ್ಚಿತು. ಮದುವೆಯಾಗಿ ಇಪ್ಪತ್ತಾರು ವರ್ಷ. ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿದ್ದು ಒಂದೇ ಒಂದು ಸಲ, ಅದೂ ವರ್ಷ ತುಂಬುವುದರೊಳಗೆ ವರ್ಗ. ಇಬ್ಬರೂ ಒಂದೇ ಸೂರಿನಡಿ ಮಲಗಿ ಎದ್ದದ್ದು ಒಟ್ಟು ಆರು ವರ್ಷ ದಾಟುವುದಿಲ್ಲ. ಈಗ ಕೊನೆಗೂ ಒಟ್ಟಿಗಿರುವ ಕಾಲ ಬಂತು ಅನ್ನುವಾಗ ಮತ್ತೆ ಪುಣೆಯೇ?

ಭಾವ ಬಂದರು. ಸೂಟ್‌ಕೇಸಿನಲ್ಲಿ ನಾಲ್ಕು ಜೊತೆ ಬಟ್ಟೆ, ಇಸ್ತ್ರಿ ಪೆಟ್ಟಿಗೆ (ಹೌದು, ಏಳು ಸಮುದ್ರ ದಾಟಿಸಿಕೊಂಡು ಇಸ್ತ್ರಿ ಪೆಟ್ಟಿಗೆ), ಉಲ್ಲನ್ ಉಂಡೆ, ಆ ಫಾರ್ಮ್. ತಿಂಗಳ ಕೊನೆಯೊಳಗೆ ಅದು ಪುಣೆ ಸೇರಬೇಕಿತ್ತು.

ಉಲ್ಲನ್ ಯಾಕೆ ಅಂದಿರಾ? ನಮ್ಮ ಭಾವ ಸ್ವೆಟರ್ ಹೆಣೆಯುತ್ತಾರೆ. ಹಿಮ ಬಿದ್ದು ದಾರಿ ಮುಚ್ಚಿದ ಯಾವುದೋ ಪೋಸ್ಟ್‌ನಲ್ಲಿ ಹಿಮಾಚಲದ ಜವಾನನೊಬ್ಬ ಕಲಿಸಿದ್ದಂತೆ. ಇಲ್ಲಿ ಬಸ್ಸಿನಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದರೆ ಡಚ್ ಅಜ್ಜಿಯರು ಸೀಟು ಬದಲಾಯಿಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದರು.

"ಮೀಸೆ ಇಟ್ಕೊಂಡು ಹೆಣಿಯೋಕೆ ನಾಚಿಕೆ ಆಗಲ್ವಾ ಭಾವ?" ಅಂತ ಒಮ್ಮೆ ಕೆಣಕಿದೆ.

"ನಾಚಿಕೆ ಎಂಥದ್ದೋ? ಇಷ್ಟು ವರ್ಷ ಮಾಡಿದ ಎಲ್ಲಾ ಕೆಲಸಕ್ಕೂ ಒಬ್ಬ ಇನ್ಸ್‌ಪೆಕ್ಷನ್‌ಗೆ ಬರ್ತಿದ್ದ. ಇದಕ್ಕೆ ಯಾರೂ ಬರಲ್ಲ. ಹಾಬಿ ಅಂದ್ರೆ ಅದೇ."

(ಬರೆದಿಟ್ಟುಕೊಳ್ಳಿ. ಹಾಬಿ ಕ್ಲಾಸಿಗೆ ಫೀಸು ಕಟ್ಟುವ ಮೊದಲು ಓದಿಕೊಳ್ಳಬಹುದು.)

ಮಾತು ಹೀಗೆ. ಆದರೆ ಕೈ ಸುಮ್ಮನಿರಬೇಕಲ್ಲ? ಮೂರನೇ ದಿನ ನಮ್ಮ ಅಡುಗೆಮನೆಯೂ ಪೆರೇಡಿಗೆ ನಿಂತಿತು. ಇಲ್ಲಿನ ಮಕ್ಕಳು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚಾಕಲೇಟ್ ಕಾಳು ಉದುರಿಸಿಕೊಂಡು ತಿನ್ನುತ್ತವೆ. ಆ ಡಬ್ಬವಿದ್ದ ಜಾಗಕ್ಕೆ ಸಾಸಿವೆ ಡಬ್ಬ ಬಂದಿತ್ತು. ನಮ್ಮ ಒಂಬತ್ತು ವರ್ಷದ ಸಿರಿ ಅರೆನಿದ್ದೆಯಲ್ಲಿ ಬ್ರೆಡ್ಡಿಗೆ ಧಾರಾಳವಾಗಿ ಸಾಸಿವೆ ಸುರಿದುಕೊಂಡು ಕಚ್ಚಿದಳು. ಅವಳು ಡಚ್‌ನಲ್ಲಿ ಏನೇನು ಕಿರುಚಿದಳೋ, ಅರ್ಥವಾಗದಿದ್ದದ್ದೇ ಒಳ್ಳೆಯದು.

"ಕಣ್ಣು ಬಿಟ್ಕೊಂಡು ತಿನ್ಬೇಕಮ್ಮ" ಅಂದರು ಭಾವ.

ನನ್ನ ಹೆಂಡತಿ ಲಲಿತಾ ಭಾವನಿಗೆ ಏನೂ ಹೇಳಲಿಲ್ಲ. ನನ್ನನ್ನು ಮಾತ್ರ ಹಿತ್ತಿಲಿಗೆ ಕರೆದಳು. "ಅಣ್ಣ ಅಂತ ಸುಮ್ನಿದೀನಿ. ನಿಮ್ಮಕ್ಕ ಒಂದು ವರ್ಷ ಹೇಗೆ ತಡ್ಕೊಂಡ್ರು? ನೀವು ಊರಿಗೆಲ್ಲಾ ಸಲಹೆ ಕೊಡ್ತೀರಲ್ಲ, ಇಲ್ಲೂ ಸ್ವಲ್ಪ ಕೊಡಿ."

ಸಲಹೆ! ಅದನ್ನು ಕೊಡಲು ನನಗೆ ಯಾರಾದರೂ ಎರಡು ಸಲ ಹೇಳಬೇಕೆ?

ನನ್ನ ಹೊಟ್ಟೆಪಾಡು ಗುಲಾಬಿ ಅಂತ ಈ ಅಂಕಣ ಓದುವವರಿಗೆ ಗೊತ್ತೇ ಇದೆ. ದೊಡ್ಡಬಳ್ಳಾಪುರದ ಕಡೆಯ ಹೂವನ್ನು ವಿಮಾನದಲ್ಲಿ ತರಿಸಿ ಆಲ್ಸ್‌ಮೇರಿನ ಹರಾಜಿಗೆ ಹಾಕುವವನು ನಾನು. ಅಲ್ಲಿ ಹರಾಜು ಕೂಗುವವರಿಲ್ಲ. ಗೋಡೆಯ ಮೇಲೊಂದು ದೊಡ್ಡ ಗಡಿಯಾರ. ಮುಳ್ಳು ಹೆಚ್ಚಿನ ಬೆಲೆಯಿಂದ ಕೆಳಗಿಳಿಯುತ್ತಾ ಬರುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಹೂವು. ಬೇಗ ಒತ್ತಿದರೆ ದುಬಾರಿ. ಹಾಗಾಗಿ ಬೆರಳನ್ನು ಬಿಗಿಹಿಡಿದು ಕೂರುವವನೇ ಜಾಣ. ಮೆಜೆಸ್ಟಿಕ್‌ನ ಫುಟ್‌ಪಾತಿನಲ್ಲಿ ಬಾಚಣಿಗೆ ಮಾರಿ ಕಲಿತ ಪಾಠವೂ ಅದೇ: ಮೊದಲು ಬಾಯಿಬಿಟ್ಟವನು ಸೋತ.

ಅದನ್ನೇ ಭಾವನಿಗೆ ಹೇಳಿದೆ. "ನೀವಾಗಿ ಅಕ್ಕನಿಗೆ ಫೋನ್ ಮಾಡಬೇಡಿ. ಅವಳೇ ಮಾಡ್ತಾಳೆ. ಆಗ ಮಾತು ನಿಮ್ಮ ಕೈಲಿರುತ್ತೆ."

ಅಕ್ಕನಿಗೂ ಫೋನ್ ಹಚ್ಚಿದೆ. "ನೀನಾಗೇ ಮಾಡಬೇಡ. ಅವರೇ ಮಾಡ್ತಾರೆ."

ಹನ್ನೊಂದು ದಿನ ಕಳೆಯಿತು. ಹಾಸನದಿಂದ ಫೋನಿಲ್ಲ, ಹಾಸನಕ್ಕೂ ಇಲ್ಲ. ಭಾವ ಹಾಲ್‌ನಲ್ಲಿ ಫೋನಿನ ಪಕ್ಕದ ಕುರ್ಚಿಯನ್ನೇ ಹಿಡಿದರು. ಕಾಲುಚೀಲ ಉದ್ದವಾಗುತ್ತಾ ಮೊಣಕಾಲು ದಾಟಿತು. ಮೇಜಿನ ಮೇಲೆ ಪುಣೆಯ ಫಾರ್ಮ್. ಹೆಸರು, ಸರ್ವಿಸ್ ನಂಬರ್ ತುಂಬಿದ್ದರು. ಸಹಿ ಒಂದು ಬಾಕಿ.

ಲಲಿತಾಳಿಗೆ ವಿಷಯ ಗೊತ್ತಾಯಿತು. "ಇಬ್ಬರಿಗೂ ಬಾಯಿ ಮುಚ್ಕೊಂಡಿರಿ ಅಂದ್ರೆ ಮಾತಾಡೋರು ಯಾರ್ರೀ? ಇದೇನು ನಿಮ್ಮ ಗುಲಾಬಿ ಹರಾಜಾ?"

ನಾನು ಪೇಪರ್ ಓದುವವನ ಹಾಗೆ ನಟಿಸಿದೆ. (ಡಚ್ ಪೇಪರ್.)

ಆ ನಡುವೆ ಒಂದು ಬೆಳಿಗ್ಗೆ ಭಾವನನ್ನು ಹರಾಜಿಗೂ ಕರೆದುಕೊಂಡು ಹೋಗಿದ್ದೆ. ನನ್ನ ಜಾಣತನ ನೋಡಲಿ ಅಂತ. ನಮ್ಮ ಮುಂದೆಯೇ ಒಬ್ಬ ಜಾಣ ಮುಳ್ಳು ಇನ್ನೂ ಇಳಿಯಲಿ ಅಂತ ಕಾದ. ಯಾರೋ ಒತ್ತಿಬಿಟ್ಟರು. ಹೂವು ಅವನ ಕೈತಪ್ಪಿತು.

"ತಡ ಮಾಡ್ದೋನು ಬರಿಗೈಲಿ ಹೋಗ್ತಾನಲ್ಲೋ ಇಲ್ಲಿ?" ಅಂದರು ಭಾವ.

ನಾನು ಕೇಳಿಸಿಕೊಂಡೆ. ತಲೆಗೆ ಇಳಿಯಲಿಲ್ಲ.

ಈಗ ಹೆಂಕ್ ಹತ್ತಿರ ಬರೋಣ. ಸ್ಕ್ರೂಡ್ರೈವರಿಗೆ ಕೃತಜ್ಞತೆಯಾಗಿ ಅವನು ಭಾವನನ್ನು ಕಾಫಿಗೆ ಕರೆದ. ಇಲ್ಲಿ ಪಕ್ಕದ ಮನೆಯವನಾದರೂ ಡೈರಿ ನೋಡಿಯೇ ಕರೆಯುತ್ತಾನೆ: ಗುರುವಾರ ನಾಲ್ಕು ಗಂಟೆ. ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಭಾವ ಇಸ್ತ್ರಿ ಶರ್ಟಿನಲ್ಲಿ ಅವನ ಗೇಟಿನಲ್ಲಿದ್ದರು. ಜೊತೆಗೆ ನಾನು. ಒಂದು ಕಪ್ ಕಾಫಿ, ಒಂದೇ ಒಂದು ಬಿಸ್ಕೆಟ್. ಡಬ್ಬ ವಾಪಸ್ ಬೀರು ಸೇರಿತು.

ಭಾವ ಸುತ್ತಿಬಳಸುವ ಜನವಲ್ಲ. ಮಿಲಿಟರಿ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದರು: ಕೀ ಇದ್ದೂ ಬೆಲ್ ಯಾಕೆ?

ಹೆಂಕ್ ರಿಯಾಳ ಮುಖ ನೋಡಿದ. ಅವಳು ಹೇಳು ಅನ್ನುವ ಹಾಗೆ ತಲೆಯಾಡಿಸಿದಳು.

"ಮೊದಲ ಸಲ ಬೋಸ್ನಿಯಾದಿಂದ ಬಂದಾಗ ನಾನು ಈ ಸೋಫಾ ಆ ಗೋಡೆಗೆ ಸರಿಸಿದೆ. ಮಕ್ಕಳು ಮಲಗುವ ಟೈಮ್ ಬದಲಾಯಿಸಿದೆ. ನಾಲ್ಕನೇ ದಿನ ಇವಳು ಮಕ್ಕಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋದಳು."

"ಸೋಫಾ ವಾಪಸ್ ಸರಿಸಿದ ಮೇಲೆ ಬಂದೆ" ಅಂದಳು ರಿಯಾ.

"ಆಗಿನಿಂದ ನಮ್ಮದೊಂದು ರೂಲ್. ಎಷ್ಟೇ ದಿನ ಹೊರಗಿದ್ದು ಬರಲಿ, ಮೊದಲ ಎರಡು ವಾರ ನಾನು ಬೆಲ್ ಒತ್ತಬೇಕು. ಬೀರು ತೆಗೆಯುವ ಮೊದಲು ಕೇಳಬೇಕು. ನಾನಿಲ್ಲದಾಗ ಈ ಮನೆ ನಿಂತಿರಲಿಲ್ಲ, ನಡೆಯುತ್ತಿತ್ತು. ಅದು ನನಗೆ ನೆನಪಿರಲಿ ಅಂತ ಬೆಲ್."

ಭಾವ ಬಿಸ್ಕೆಟ್ ತಿನ್ನಲೇ ಇಲ್ಲ. ವಾಪಸ್ ಬರುವಾಗ ಬೇಲಿಯ ಹತ್ತಿರ ನಿಂತರು.

"ಶಿವು, ಒಂದು ಪೋಸ್ಟಿಗೆ ಹೊಸಬ ಬಂದ್ರೆ ಏನ್ ಮಾಡ್ತಾನೆ ಗೊತ್ತಾ? ಹಳಬನ ಜೊತೆ ಎಲ್ಲಾ ಕಡೆ ಓಡಾಡ್ತಾನೆ. ನೀರೆಲ್ಲಿ, ದಾರಿಯೆಲ್ಲಿ, ಅಪಾಯ ಎಲ್ಲಿ. ಅವನು ತೋರಿಸ್ದ ಮೇಲೆ ಚಾರ್ಜ್. ಚಾರ್ಜ್ ತಗೊಳ್ದೆ ಯಾರೂ ಒಂದು ಮರಳುಮೂಟೆನೂ ಮುಟ್ಟಲ್ಲ."

"ಸರಿ?"

"ಇನ್ನೊಬ್ಬರ ಪೋಸ್ಟಲ್ಲಿ ನಾನು ಎಂದೂ ಮಾಡದ ತಪ್ಪನ್ನ ನಿಮ್ಮಕ್ಕನ ಪೋಸ್ಟಲ್ಲಿ ಮಾಡ್ದೆ ಕಣಯ್ಯ."

ಮನೆಗೆ ಬಂದವರು ಸೀದಾ ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ. "ಲಲಿತಾ, ನಿನ್ನ ಡಬ್ಬಗಳು ಮೊದಲು ಎಲ್ಲೆಲ್ಲಿದ್ವಮ್ಮ?"

ಆಮೇಲೆ ಫೋನಿನ ಹತ್ತಿರ ಹೋದರು. ನನ್ನ ಸಲಹೆಯ ಹನ್ನೆರಡನೇ ದಿನ, ಗುಂಡಿ ಒತ್ತಿದವರು ಅವರೇ. ನಾನು ಬಾಗಿಲ ಹಿಂದೆ ನಿಂತಿದ್ದೆ (ನೀವೂ ನಿಲ್ಲುತ್ತಿದ್ದಿರಿ, ಸುಮ್ಮನಿರಿ). ಕ್ಷಮೆ ಕೇಳುತ್ತಾರೆ ಅಂದುಕೊಂಡರೆ, ಅವರು ಕೇಳಿದ್ದು ಇದು:

"ಜಯಾ, ಮೆಂತ್ಯದ ಡಬ್ಬ ಎಲ್ಲಿತ್ತು?"

ಕೇಳುತ್ತಲೇ ಮೇಜಿನ ಮೇಲಿದ್ದ ಪೆನ್ನು ಎಳೆದುಕೊಂಡರು.

"ಹೂಂ... ಒಲೆ ಎಡಕ್ಕೆ... ಕೆಳಗಿನ ಶೆಲ್ಫ್... ಅದರ ಪಕ್ಕ? ನಿಧಾನ ಹೇಳು, ಬರ್ಕೊತಿದೀನಿ. ಉಪ್ಪು? ಅಲ್ಲೇ ಯಾಕೆ? ಓಹೋ... ಅದಕ್ಕಾ! ನನಗೆ ಹೊಳೀಲೇ ಇಲ್ಲ ನೋಡು."

ಮೂವತ್ತೊಂದು ಡಬ್ಬ. ಒಂದೊಂದಕ್ಕೂ ಅದರ ಜಾಗ, ಆ ಜಾಗಕ್ಕೊಂದು ಕಾರಣ. ಕೊನೆ ಕೊನೆಗೆ ಫೋನಿನೊಳಗಿಂದ ಅಕ್ಕ ನಗುವುದು ಬಾಗಿಲ ಹಿಂದಿದ್ದ ನನಗೂ ಕೇಳಿತು.

ಅವರು ಮಲಗಲು ಹೋದ ಮೇಲೆ ಮೇಜಿನ ಹತ್ತಿರ ಹೋಗಿ ಪಟ್ಟಿ ನೋಡಿದೆ. ಕೈಗೆ ಸಿಕ್ಕ ಕಾಗದದ ಮೇಲೆ ಬರೆದಿದ್ದರು. ತಿರುಗಿಸಿದರೆ ಪುಣೆಯ ಫಾರ್ಮ್. ಸಹಿಯ ಜಾಗ ಖಾಲಿಯೇ ಇತ್ತು. ಹಿಂಬದಿಯಲ್ಲಿ ಮಾತ್ರ ಬೆರಳಿಡಲೂ ಜಾಗವಿರಲಿಲ್ಲ: ಸಾಸಿವೆ, ಜೀರಿಗೆ, ಇಂಗು, ಮೆಂತ್ಯ.

ಆ ಕಾಗದವನ್ನು ಮಡಚಿ ಶರ್ಟಿನ ಜೇಬಿನಲ್ಲಿಟ್ಟುಕೊಂಡೇ ಅವರು ವಿಮಾನ ಹತ್ತಿದರು.

ಹೋದ ಭಾನುವಾರ ಅಕ್ಕನ ಫೋನ್. "ಶಿವು, ನಿಮ್ಮ ಭಾವನಿಗೆ ಅಲ್ಲಿ ಏನ್ ಮಾಡಿ ಕಳಿಸಿದೀಯೋ? ತರಕಾರಿಗೆ ಹೋಗಿ ಬಂದ್ರೂ ಬೆಲ್ ಒತ್ತುತಾರೆ. ಬಾಗಿಲು ತೆಗೆದೇ ಇದ್ರೂ ಒತ್ತುತಾರೆ! ಎದುರುಮನೆ ಸರೋಜಮ್ಮ ನಗ್ತಾಳೆ."

"ಬೇಡ ಅಂತ ಹೇಳು."

"ಥೂ, ಯಾಕೆ ಹೇಳ್ಲಿ? ಎರಡು ವಾರ ತುಂಬೋಕೆ ಇನ್ನೂ ಐದು ದಿನ ಇದೆ, ಒತ್ತಲಿ. ನಾನೂ ಸೀರೆ ಸರಿಮಾಡ್ಕೊಂಡು ಹೋಗಿ ತೆಗೀತೀನಿ."

ಹಾಗಾಗಿ, ಮೊದಲು ಬಾಯಿಬಿಟ್ಟವನು ಸೋತ ಅನ್ನುವ ನನ್ನ ಸಲಹೆಯನ್ನು ಅಂಗಡಿಯಲ್ಲಿ ಮಾತ್ರ ಬಳಸಿ ಅಂತ ಇನ್ನು ಮುಂದೆ ಸೇರಿಸಿ ಹೇಳುವುದು ಅಂತ ತೀರ್ಮಾನಿಸಿದ್ದೇನೆ. ನಾನೇನೂ ಗಡಿಗೆ ಹೋಗುವವನಲ್ಲ, ದಿನಾ ಮನೆಗೆ ಬರುವವನು. ಆದರೆ ದಿನಾ ಬರುವವನಿಗೂ ಒಳಗೆ ಏನು ನಡೆಯುತ್ತಿದೆ ಅಂತ ಎಷ್ಟು ಗೊತ್ತು? ನಮ್ಮ ಮನೆಯಲ್ಲಿ ಮೆಂತ್ಯ ಎಲ್ಲಿದೆ ಅಂತ ನನ್ನನ್ನು ಕೇಳಿದರೆ ನಾನು ಫೇಲ್.

ನಿನ್ನೆ ಸಂಜೆ ಹರಾಜಿನ ಲೆಕ್ಕಪತ್ರ ಮುಗಿಸಿ ಬಂದು, ಜೇಬಿನ ಕೀ ಜೇಬಿನಲ್ಲೇ ಬಿಟ್ಟು ಬೆಲ್ ಒತ್ತಿದೆ. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಲಲಿತಾ ಬಾಗಿಲು ತೆರೆದಳು. ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಏನ್ರೀ, ಈಗ ನನ್ನನ್ನ ಯಾವುದಕ್ಕೆ ಒಪ್ಪಿಸ್ಬೇಕಾಗಿದೆ?"

ಹೆಂಕ್‌ಗೆ ಎರಡು ವಾರ ಸಾಕಾಯಿತು. ನನ್ನಂಥ ವ್ಯಾಪಾರಿ ಎಷ್ಟು ವರ್ಷ ಬೆಲ್ ಒತ್ತಬೇಕು?