ಬೀಜದಕ್ಕನ ಡ್ರಮ್ಮಿನಲ್ಲಿ ಈಗ ಬೀಜವಿಲ್ಲ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬಾಗಿಲ ಬಳಿ ಕೂತ ಬೀಜದಕ್ಕ ಮೊರದ ತುಂಬ ಮೆಕ್ಕೆಜೋಳ ಹರಡಿಕೊಂಡು ಒಂದೊಂದೇ ಕಾಳನ್ನು ಬೆರಳಿನಿಂದ ಸರಿಸುತ್ತಿದ್ದಾರೆ. ಸಣ್ಣದು ಎಡಕ್ಕೆ, ದಪ್ಪದು ಬಲಕ್ಕೆ. ಸ್ವಲ್ಪ ಹೊತ್ತಿಗೆ ಎರಡನ್ನೂ ಒಟ್ಟಿಗೆ ಬಾಚಿ ಮತ್ತೆ ಮೊರಕ್ಕೆ ಸುರಿದುಕೊಳ್ಳುತ್ತಾರೆ.

“ಹಾಲಿಗೆ ಬಿದ್ದ ನೀರನ್ನ ಬೆರಳಲ್ಲಿ ತೆಗೀತೀನಿ ಅಂತ ಕೂತಿದ್ದಾಳೆ ನೋಡಿ,” ಎನ್ನುತ್ತಾ ಗಂಡ ಸೈಕಲ್ ಅಂಗಡಿಯ ಬೀಗದ ಕೈ ಹುಡುಕುತ್ತಾರೆ.

“ನೀವು ಸುಮ್ನೆ ಪಂಕ್ಚರ್ ಹಾಕೋಕ್ಹೋಗಿ. ಟ್ಯೂಬಲ್ಲಿರೋ ತೂತು ನೀರಲ್ಲಿ ಅದ್ದಿದ್ರೆ ಗೊತ್ತಾಗುತ್ತೆ. ಇದು ಗೊತ್ತಾಗಲ್ಲ.”

ಮನೆಗೆ ಎರಡೇ ಕೋಣೆ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ನೀಲಿ ಡ್ರಮ್ಮು. ಕಥೆಯ ರಾಕ್ಷಸ ಏಳು ಸಮುದ್ರದಾಚೆಯ ಗಿಣಿಯೊಳಗೆ ತನ್ನ ಜೀವ ಬಚ್ಚಿಡುತ್ತಾನೆ. ಇಲ್ಲಿನ ತುಂಡು ಹೊಲದವರ ಜೀವ ಈ ಡ್ರಮ್ಮಿನೊಳಗಿತ್ತು.

ಹರೆಯದಲ್ಲಿ ಬೀಜದಕ್ಕ ಬೀಜದಂಗಡಿಯ ಗೋದಾಮಿನಲ್ಲಿ ಒಡಕು ಕಾಳು ಆರಿಸುವ ಕೂಲಿಗೆ ಹೋಗುತ್ತಿದ್ದರು. ಅಂಗಡಿಯ ಪೊಟ್ಟಣ ದೊಡ್ಡ ಹೊಲದವರ ಅಳತೆಯದು, ಬೆಲೆಯೂ ಅವರದೇ. ಅಂಗೈಯಗಲ ನೆಲದವರು ಬಂದು ಬೆಲೆ ಕೇಳಿ, ಬರಿಗೈಲಿ ತಿರುಗುವುದನ್ನು ನೋಡಿ ನೋಡಿ ಇವರು ತಮ್ಮ ಹಿತ್ತಿಲಿನ ಹಳೆಯ ತಳಿಯ ಮೆಕ್ಕೆಜೋಳವನ್ನೇ ಹಂಚತೊಡಗಿದರು. ಒಯ್ಯುವಾಗ ಒಂದು ಸೇರು, ಫಸಲು ಬಂದ ಮೇಲೆ ಒಂದೂವರೆ. ದುಡ್ಡಿನ ಮಾತೇ ಇಲ್ಲ. ತೆನೆ ಗಿಡ್ಡ, ಕಾಳು ಸಣ್ಣ. ಆದರೆ ಎಷ್ಟು ಸಲ ಬಿತ್ತಿದರೂ ತಾಯಿಯಂತೆ ಮಗಳು.

ಈ ಬೀಜ ಕೆಟ್ಟದ್ದು ಪ್ರೀತಿಯಿಂದಲೇ. ಎರಡು ವರ್ಷದ ಹಿಂದೆ ಕೆಲವರು ಅಕ್ಕನ ಬೀಜದ ಜೊತೆಗೆ, ಸಾಲ ಸೋಲ ಮಾಡಿ ಕಾಲುವೆ ಪಕ್ಕದ ನೆಲಕ್ಕೆ ಅಂಗಡಿಯ ಹೈಬ್ರಿಡ್ ಬಿತ್ತಿದ್ದರು. ಕಾಳು ಮುತ್ತಿನ ಹಾಗೆ ಬಂತು. ಅಕ್ಕನಿಗೆ ಸಣ್ಣ ಕಾಳು ಹಿಂದಿರುಗಿಸಲು ಅವರಿಗೆ ನಾಚಿಕೆ. ಮನೆಯಲ್ಲಿ ಇದ್ದುದರಲ್ಲೇ ದಪ್ಪದ್ದನ್ನು ಆರಿಸಿ ತಂದರು. ಹೈಬ್ರಿಡ್ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ಮೊದಲಿನ ಹಾಗೆ ಬಾರದೆಂಬುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ.

“ಕೈ ಹಾಕಿದ್ರೆ ಬೆಣ್ಣೆ ಮುಟ್ಟಿದ ಹಾಗಿತ್ತು. ಯಾವ ಹೊಲದ್ದಪ್ಪಾ ಅಂತ ಒಂದು ಮಾತು ಕೇಳ್ಬೇಕಿತ್ತು. ಖುಷೀಲಿ ಡ್ರಮ್ಮಿಗೆ ಸುರಿದ್ಬಿಟ್ಟೆ.”

ಆ ಬೆರಕೆಯನ್ನೇ ಹೋದ ವರ್ಷ ಎಲ್ಲರೂ ಬಿತ್ತಿದರು. ಒಂದು ಗಿಡ ಸೂರಿನೆತ್ತರ, ಪಕ್ಕದ್ದು ಮೊಣಕಾಲುದ್ದ. ತೆನೆ ಸುಲಿದರೆ ಮುದುಕರ ಬಾಯಿ, ಅಲ್ಲೊಂದು ಇಲ್ಲೊಂದು ಹಲ್ಲು. ಒಳ್ಳೆಯ ಗಿಡಕ್ಕೂ ಗಾಳಿಯಲ್ಲಿ ಬೆರಕೆಯ ಪರಾಗ ತಾಗಿತು. ಈಗ ಡ್ರಮ್ಮಿನಲ್ಲಿರುವುದು ಆ ಫಸಲಿನ ಕಾಳು.

ಒಂದೇ ಒಂದು ಆಸೆ ಉಳಿದಿತ್ತು: ಬಾಕಿ ಮಾವ. ಒಯ್ದದ್ದನ್ನು ಹುಟ್ಟಿದಾರಭ್ಯ ಹಿಂದಿರುಗಿಸಿದವರಲ್ಲ. ಬೀಜ ಕೆಡುವ ಮೊದಲೇ ಒಯ್ದಿದ್ದ ಕಾಳು ಅವರ ಮನೆಯಲ್ಲಿ ಇದ್ದರೂ ಇರಬಹುದು. ಮೊನ್ನೆ ಅಕ್ಕ ಅಲ್ಲಿಗೇ ಓಡಿದರು.

“ಬಂದ್ಯಾ ವಸೂಲಿಗೆ?”

“ವಸೂಲಿಗಲ್ಲ ಮಾವ. ಹಳೇ ಕಾಳು ಒಂದು ಹಿಡಿ ಉಳಿದಿದ್ರೆ ಕೊಡಿ, ನಿಮ್ ಕಾಲಿಗೆ ಬೀಳ್ತೀನಿ.”

ಮುದುಕ ತಲೆ ತಗ್ಗಿಸಿದರು. “ಅಕ್ಕನ ಬೀಜ ಕೆಟ್ಟೋಯ್ತು ಅಂತ ಎಲ್ರೂ ಆಡ್ಕೊಂಡ್ರು ಕಣಮ್ಮ. ಇದೂ ಕೆಟ್ಟಿರುತ್ತೆ ಅಂತ ಕೋಳಿಗೆ ಹಾಕ್ಬಿಟ್ಟೆ.”

ಅಂದಿನಿಂದ ಈ ಮೊರದ ಕೆಲಸ. ನೋಡಿದರೆ ಎಲ್ಲವೂ ಜೋಳವೇ. ಯಾವುದರ ಹೊಟ್ಟೆಯಲ್ಲಿ ಯಾವುದಿದೆಯೋ ಬಿತ್ತಿದ ಮೇಲಷ್ಟೇ ತಿಳಿದೀತು. ತಿಳಿಯುವಷ್ಟರಲ್ಲಿ ಬಡವರ ವರ್ಷವೊಂದು ಮಣ್ಣುಪಾಲು.

ಹೊತ್ತು ಏರುತ್ತಿದ್ದಂತೆ ಚೀಲ ಹಿಡಿದು ಒಬ್ಬಾಕೆ ಬರುತ್ತಾರೆ. ಅರ್ಧ ಎಕರೆಯಲ್ಲಿ ಒಬ್ಬರೇ ಗೇಯುವವರು. ನೆಲ ಹದವಾಗಿದೆ, ಇನ್ನೆರಡು ದಿನದಲ್ಲಿ ಬಿತ್ತಬೇಕು.

“ಇಲ್ಲ ತಂಗಿ, ಬೀಜ ಇಲ್ಲ.”

“ಮೊರದ ತುಂಬ ಇಟ್ಕೊಂಡು ಇಲ್ಲ ಅಂತೀಯಲ್ಲಕ್ಕ!”

“ಮೊಳಕೆ ಬರುತ್ತೆ. ತೆನೆ ನಂಬೋಕಾಗಲ್ಲ.”

“ಬಂದಷ್ಟು ಬರ್ಲಿ, ಕೊಡು. ಅಂಗಡಿ ಮೆಟ್ಟಿಲು ಹತ್ತೋ ಶಕ್ತಿ ನನಗೆಲ್ಲಿದೆ? ಹೊಲ ಬೀಳು ಬಿಡ್ಲಾ?”

ಬೀಜದಕ್ಕ ಎದ್ದು, ಆಕೆಯ ಚೀಲ ತೆಗೆದುಕೊಂಡು ಮೊರದಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿಯುತ್ತಾರೆ.

“ತಗೊಂಡ್ಹೋಗಿ ಬೇಯಿಸ್ಕೊಂಡು ತಿನ್ನು. ವಾಪಸ್ ಕೊಡೋದು ಬೇಡ. ಬೀಜ ಅಂತ ಹೇಳಿ ಮಾತ್ರ ಇದನ್ನ ನನ್ನ ಕೈಯಾರೆ ಕೊಡಲ್ಲ.”