ಕೈಕುಲುಕಿ ಏಳುವ ಹೊತ್ತು

ಕಳೆದ ವಾರ ಮೊಬೈಲಿನಲ್ಲಿ ಯಾರೋ ಅಪರಿಚಿತನೊಡನೆ ಚದುರಂಗ ಆಡುತ್ತಿದ್ದೆ. ನನ್ನ ಬಳಿ ರಾಣಿ ಇತ್ತು, ರಾಜ ಮಾತ್ರ ದೂರದಲ್ಲಿದ್ದ. ಅವನ ಬಳಿ ರಾಜನನ್ನು ಬಿಟ್ಟರೆ ಅಂಚಿನ ಸಾಲಿನಲ್ಲೊಂದು ಕಾಲಾಳು, ಅದೂ ಕೊನೆಯ ಮನೆಗೆ ಒಂದೇ ಹೆಜ್ಜೆ ದೂರದಲ್ಲಿ. ಮರ್ಯಾದೆಯಿಂದ ಸೋಲೊಪ್ಪಬಾರದೇ ಈ ಮನುಷ್ಯ ಎಂದು ಗೊಣಗಿಕೊಂಡೆ. ಅವನು ರಾಜನನ್ನು ಮೂಲೆಗೆ ತುರುಕಿ ಕುಳಿತ. ರಾಣಿಯನ್ನು ಬಿಗಿಹಿಡಿದರೆ ಅವನಿಗೆ ನಡೆಯಲು ಮನೆಯೇ ಇಲ್ಲದೆ ಆಟ ಸಮ, ಸಡಿಲ ಬಿಟ್ಟರೆ ಕಾಲಾಳಿಗೆ ದಾರಿ. ಕೊನೆಗೆ ಸಮವೇ ಆಯಿತು. ಆಗ ನೆನಪಾಯಿತು. ಈ ಆಟವನ್ನು ನಾನು ಹಿಂದೊಮ್ಮೆ ನೋಡಿದ್ದೆ.

ಆಗ ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರು ನಾನು. ಲೆಕ್ಕ ಬರುವವನಿಗೆ ಚದುರಂಗವೂ ಬರುತ್ತದೆಂದು ಹೆಡ್‌ಮಾಷ್ಟ್ರು ತೀರ್ಮಾನಿಸಿದ್ದರಿಂದ ಅದರ ಕೋಚ್ ಕೂಡ ನಾನೇ. ಕುದುರೆಯ ನಡೆಗಿಂತ ಮೊದಲು ಮಕ್ಕಳಿಗೆ ನಾನು ಕಲಿಸುತ್ತಿದ್ದದ್ದು, ಸೋಲು ಖಚಿತವಾದ ಮೇಲೆ ಎಳೆಯಬಾರದು, ಕೈಕುಲುಕಿ ಏಳಬೇಕು ಎಂದು. ನಮ್ಮ ಬಯಲಾಟದ ರಕ್ಕಸ ಬೆಳಗಿನವರೆಗೆ ಕುಣಿದೇ ಸಾಯುವುದು, ಅವನನ್ನು ಯಾರೂ ಮರ್ಯಾದೆಗೆಟ್ಟವನೆನ್ನುವುದಿಲ್ಲ. ಅದು ನನಗೆ ಹೊಳೆದಿರಲಿಲ್ಲ ನೋಡಿ.

ಒಂಬತ್ತನೆಯ ತರಗತಿಯ ನಸೀಮಾಳನ್ನು ಪುತ್ತೂರಿನ ಪಂದ್ಯಕ್ಕೆ ಕರೆದೊಯ್ದಿದ್ದೆ. ಕೊನೆಯ ಸುತ್ತಿನಲ್ಲಿ ಸಮ ಮಾಡಿಕೊಂಡರೂ ಸಾಕು, ಜಿಲ್ಲಾ ತಂಡ ಸೇರುತ್ತಿದ್ದಳು. ಉಳಿದವರೆಲ್ಲ ಆಡಿ ಎದ್ದಿದ್ದರು. ಅವಳ ಬಳಿ ಅಂಥದೇ ಅಂಚಿನ ಕಾಲಾಳು, ಎದುರಿನವಳ ಬಳಿ ರಾಣಿ. ಕಡಬದ ಬಸ್ಸಿಗೆ ಕಾಲು ಗಂಟೆ ಉಳಿದಿತ್ತು. ಆಟದ ನಡುವೆ ಮಾತನಾಡುವಂತಿಲ್ಲ. ನಾನು ಬಾಗಿಲಲ್ಲಿ ನಿಂತು ವಾಚು ನೋಡಿದೆ. ಅವಳು ನನ್ನ ಮುಖ ನೋಡಿದಳು, ಹಲಗೆ ನೋಡಿದಳು, ಎದುರಿನವಳತ್ತ ಕೈ ಚಾಚಿದಳು. ಬಸ್ಸು ಸಿಕ್ಕಿತು. ಸೋಲುವುದಕ್ಕೂ ಸಂಸ್ಕಾರ ಬೇಕು ಎಂದು ದಾರಿಯುದ್ದಕ್ಕೂ ಅವಳನ್ನು ಹೊಗಳಿದ್ದೆ.

ನಸೀಮಾ ಈಗ ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮೊನ್ನೆ ಹುಡುಕಿಕೊಂಡು ಹೋಗಿ, ಅಂದಿನ ಆಟ ಸೋತದ್ದಲ್ಲ, ನನಗೇ ತಿಳಿದಿರಲಿಲ್ಲ ಎಂದು ತಡವರಿಸಿದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

“ನಂಗೆ ಆಗ್ಲೇ ಗೊತ್ತಿತ್ತು ಸರ್. ಮೂಲೆಗೆ ಹೋಗಿ ಕೂತ್ರೆ ಸಾಕಿತ್ತು. ನೀವು ವಾಚು ನೋಡಿದ್ರಿ ಅಲ್ವಾ.”

ನೀವೇ ಹೇಳಿ, ನಾನೇನು ಮಾಡಲಿ? ಕಲಿಸದೆ ಹೋದದ್ದಕ್ಕೆ ಕ್ಷಮೆ ಕೇಳಲು ಹೋಗಿದ್ದೆ. ಈಗ ನೋಡಿದರೆ ಕೇಳಬೇಕಾದದ್ದು ಕೆಟ್ಟದ್ದು ಕಲಿಸಿದ್ದಕ್ಕೆ. ಅಥವಾ ಮಾಷ್ಟ್ರ ಅಜ್ಞಾನ ಮುಚ್ಚಲು ಅವಳು ಹಾಗೆ ಹೇಳಿದಳೋ? ತಲೆ ಗೊಂದಲವಾಗಿ, ನಾಚಿಕೆಯೂ ಆಗಿ, ಹೊರಡಲು ಎದ್ದೆ. ಅವಳು ಕುಳ್ಳಿರಿಸಿ ಚಹಾ ತರಿಸಿದಳು. ಮಗಳು ಐದನೆಯ ತರಗತಿಯಂತೆ, ಚದುರಂಗದ ಹುಚ್ಚಂತೆ, ಆದಿತ್ಯವಾರ ಬಂದು ಕಲಿಸಬಹುದೇ ಎಂದು ಕೇಳಿದಳು. ಸಂತೋಷದಿಂದ ಒಪ್ಪಿದೆ. ನಾನು ಮೆಟ್ಟಿಲಿಳಿಯುವಾಗ ನಗುತ್ತಲೇ ಹೇಳಿದಳು:

“ಎಲ್ಲಾ ಕಲಿಸಿ ಸರ್. ಏಳುದು ಯಾವಾಗ ಅಂತ ಮಾತ್ರ ಬೇಡ. ಅದು ಅವಳೇ ನೋಡಿಕೊಳ್ತಾಳೆ.”

ನಾಳೆ ಆದಿತ್ಯವಾರ. ಅದೊಂದನ್ನು ಬಿಟ್ಟರೆ ನನಗೆ ಬರುವುದೇನು ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ.