ಉಡಿ ತುಂಬಿದ ಅಂಗಡಿಗೆ ಅಳಿಯ ಬಂದದ್ದು

೧೯೫೬ರಲ್ಲಿ, ನಮ್ಮ ಸೀಮೆ ಮುಂಬಯಿ ಸರ್ಕಾರ ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಗದಗಿನ ಪೇಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ ಇತ್ತು. ಹೆಸರಿಗೆ ಗಾದಿಯ ಮೇಲೆ ಕೂಡುತ್ತಿದ್ದವರು ನಮ್ಮ ಮನೆಯವರು. ಅವರಿಗೆ ಕೂತಲ್ಲೇ ನಿದ್ದೆ ಬರುತ್ತಿತ್ತು. ಹಾಗಾಗಿ ಮೂರನೇ ಇಯತ್ತೆ ಓದಿದ ನಾನೇ ವ್ಯಾಪಾರ ನೋಡುತ್ತಿದ್ದೆ. ಸೀರೆ ಬಿಚ್ಚಿ ತೋರಿಸಿ ಮಡಚುವ ಕೆಲಸ ದಾವಲಸಾಬನದು. ಬಟ್ಟೆ ಅಳೆಯುವ ಗಜಕಡ್ಡಿಯೂ ಅವನ ಕೈಯಲ್ಲೇ. ಇಪ್ಪತ್ತು ವರ್ಷದಿಂದ ಇದ್ದವನು. ಅವನು ಸೆರಗು ಹರವಿದನೆಂದರೆ ಬರೀ ನೋಡಲು ಬಂದವರೂ ಕೊಂಡು ಹೋಗುತ್ತಿದ್ದರು.

ಅದಕ್ಕೂ ಎರಡು ವರ್ಷ ಮೊದಲು ಎದುರಿಗೆ ಹೊಸ ಅಂಗಡಿ ಬಂದಿತ್ತು. ಗಾಜಿನ ಕಪಾಟು, ಬಂದವರಿಗೆಲ್ಲ ಚಹಾ. ನಮ್ಮ ಗಿರಾಕಿಗಳು ಅಲ್ಲಿ ಚಹಾ ಕುಡಿದು, ಅಲ್ಲೇ ಸೀರೆ ಕೊಂಡು, ನಮ್ಮ ಕಡೆ ನೋಡದೆ ಹೋಗತೊಡಗಿದರು. ಚಹಾಕ್ಕೆ ಚಹಾ ಕೊಟ್ಟರೆ ಹಾಲು ದಂಡ. ನಾನು ಬೇರೆ ಪದ್ಧತಿ ಹಾಕಿದೆ. ಜವಳಿ, ಅಂದರೆ ಮದುವೆಗೆ ಮನೆಮಂದಿಗೆಲ್ಲ ಬೇಕಾದ ಬಟ್ಟೆ, ನಮ್ಮಲ್ಲಿ ತೆಗೆದರೆ ಮದುಮಗಳನ್ನು ಗಾದಿಯ ಮೇಲೆ ಕೂರಿಸಿ ಉಡಿ ತುಂಬುವುದು. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ. ತವರಿನವರು ಮಗಳಿಗೆ ಮಾಡುವುದೇ ಅದು. ಕಡೆಗೆ ಒಂದು ಮಾತು ಸೇರಿಸುತ್ತಿದ್ದೆ: “ಇದೂ ನಿನ್ನ ತವರಮನಿ ಅಂತ ತಿಳಿಯವ್ವಾ.” ಮಾತಿಗೆ ಖರ್ಚಿಲ್ಲವೆಂದು ಆಡಿದ್ದು.

ಗಿರಾಕಿಗಳು ತಿರುಗಿ ಬಂದರು. ಆದರೆ ಎದುರಿನವರು ದಾವಲಸಾಬನನ್ನು ಕರೆದರು. ದೀಪಾವಳಿ ಮುಗಿಸಿ ಹೋಗುತ್ತೇನೆಂದು ಅವನು ನನಗೆ ಹೇಳಿಯೂ ಆಗಿತ್ತು. “ಹೋಗೂದಾದ್ರ ಗಜಕಡ್ಡಿ ಇಟ್ಟು ಹೋಗು” ಎಂದೆ. ಕೈಕಾಲು ಹಿಡಿಯುವುದು ನನಗೆ ಬರುವುದಿಲ್ಲ.

ದೀಪಾವಳಿಯಾದ ಮರುವಾರ, ದಾವಲಸಾಬ ಇನ್ನೂ ಹೊರಡುವ ಮೊದಲು, ಅಂಗಡಿಯ ಮುಂದೆ ನೀರು ಹೊಡೆಯುತ್ತಿದ್ದೆ. ಡೋಣಿ ಹಳ್ಳಿಯ ಸೊಸೆ ನೀಲವ್ವ ಗಂಟು ಹೊತ್ತು ಬಂದಳು. ಆ ಬೇಸಿಗೆಯಲ್ಲೇ ನಾನು ಉಡಿ ತುಂಬಿದ್ದ ಹುಡುಗಿ. ಗಂಟನ್ನು ನೆಟ್ಟಗೆ ಗಾದಿಯ ಮೇಲಿಟ್ಟಳು.

“ಇನ್ನ ಇಲ್ಲೇ ಇರ್ತೇನ್ರಿ ಅವ್ವಾರ.”

“ಇಲ್ಲೆ ಅಂದ್ರ ಎಲ್ಲಿ?”

“ತವರಮನ್ಯಾಗ. ನೀವ ಹೇಳಿದ್ರೆಲ್ಲ.”

ನಮ್ಮ ಮನೆಯವರಿಗೆ ಎಚ್ಚರವಾಯಿತು. ಅದು ಅಪರೂಪ.

ಗಂಡ ಫಕೀರಪ್ಪ ಮುಂಡರಗಿ ಸಂತೆಗೆ ಹೋಗಿ ಒಬ್ಬನೇ ಮಿರ್ಚಿ ಭಜಿ ತಿಂದು, ಬರಿಗೈಲಿ ಬಂದು, ಎರಡು ದಿನ ಮಾತಾಡಿರಲಿಲ್ಲವಂತೆ. ಭಜಿಯ ಸಲುವಾಗಿ ಮನೆ ಬಿಡುತ್ತಾರೆಯೇ ಎಂದು ಬೈದೆ. “ನಿನ್ನ ಖರೇ ತವರಿಗೆ ಹೋಗು.”

“ಅಲ್ಲಿ ಯಾರದಾರ್ರಿ? ಅವ್ವ ಅಪ್ಪ ಇಲ್ಲ. ಸ್ವಾದರಮಾವ ಮದುವಿ ಮಾಡಿ ಕದ ಹಾಕ್ಕೊಂಡ.”

ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಕಳಿಸುವುದು ಸುಲಭವಿತ್ತು.

ಅಂಗಡಿಯ ಹಿಂದೆಯೇ ಮನೆ, ಅಲ್ಲಿ ಉಳಿದಳು. ಬಂದ ಗಿರಾಕಿಗೆಲ್ಲ “ಇದು ನನ್ನ ತವರಮನಿ” ಎಂದು ಹೇಳುತ್ತ ಸೀರೆ ಮಡಚಿದಳು. ಊರೆಲ್ಲ “ಏ ದಾವಲಸಾಬ” ಎಂದು ಕೂಗುತ್ತಿದ್ದವನನ್ನು ಚಿಕ್ಕಪ್ಪನಂತೆ ಕಾಕಾ ಎಂದು ಕರೆದಳು. ಅವನು ಅವಳಿಗೆ ಸೆರಗು ಹರವುವುದನ್ನು ಕಲಿಸಿದ. ನನಗೆ ಇಪ್ಪತ್ತು ವರ್ಷದಲ್ಲಿ ಕಲಿಸಿರಲಿಲ್ಲ.

ಮೂರನೆಯ ದಿನ ಫಕೀರಪ್ಪ ಬಂದ. ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ, “ನನ್ನ ಹೇಣ್ತಿನ್ನ ಕಳಸ್ರಿ. ಇಲ್ಲಾಂದ್ರ ಡೋಣಿಯ ಒಂದು ಜವಳಿನೂ ನಿಮ್ಮ ಹೊಸ್ತಲ ದಾಟೂದಿಲ್ಲ” ಎಂದ.

ಅದು ಬರೀ ಬೆದರಿಕೆಯಲ್ಲ. ಆ ಚಳಿಗಾಲಕ್ಕೆ ಡೋಣಿಯಿಂದ ಐದು ಮದುವೆಯ ಜವಳಿ ನಮಗೆ ಬರುವುದಿತ್ತು. ಆದರೆ ಅಂಗಡಿ ತುಂಬ ಹೆಂಗಸರು ನೋಡುತ್ತಿದ್ದರು. ಹುಡುಗಿಯನ್ನು ಹೊರಗೆ ಹಾಕಿದರೆ ಮುಂದೆ ನಾನು ತುಂಬುವ ಉಡಿ ಬರೀ ಅಕ್ಕಿ.

ದಾವಲಸಾಬ ಕೈಯಲ್ಲಿದ್ದ ಸೀರೆ ಕೆಳಗಿಟ್ಟ.

“ಚಪ್ಪಲಿ ಬಿಡೋ ಮೊದಲ. ಮಾವನ ಮನಿಗೆ ಬಂದ ಅಳಿಯ ಹಿಂಗ ಗಾದಿ ತುಳಿತಾನೇನು?”

“ಯಾವ ಮಾವ?”

“ನಿದ್ದಿ ಮಾಡಾಕತ್ತಾರಲ್ಲ, ಅವರ. ನಾ ಕಾಕಾ. ಕೈಕಾಲ ತೊಳಕೊಂಡು ಕುಂಡ್ರು.”

ಫಕೀರಪ್ಪ ಗಾಬರಿಯಲ್ಲಿ ಚಪ್ಪಲಿ ಬಿಟ್ಟ. ಒಳಗೆ ಕರೆದು ಹೋಳಿಗೆ ಬಡಿಸಿದೆ. ನಾಲ್ಕು ಹೋಳಿಗೆ ಹೋದ ಮೇಲೆ ಅವನ ಬಾಯಿ ಬಿಚ್ಚಿತು. “ನನ್ನ ವಾರಿಗಿಯವರೆಲ್ಲ ಮೊದಲನೇ ದೀಪಾವಳಿಗೆ ಮಾವನ ಮನಿಗೆ ಹೋಗಿ ಹೊಸಾ ಧೋತ್ರ ಉಟ್ಕೊಂಡು ಬಂದ್ರು. ನನ್ನ ಯಾರು ಕರದ್ರು? ಮನ್ಯಾಗ ಕುಂತು ಏನ್ಮಾಡ್ಲಿ, ಸಂತಿಗೆ ಹೋಗಿ ಭಜಿ ತಿಂದೆ.”

ಕದದ ಹಿಂದಿನಿಂದ ನೀಲವ್ವ, “ಅದನ್ನ ಬಾಯಿಲೆ ಹೇಳಾಕ ಏನಾಗಿತ್ತು? ಬಾಯಿ ತುಂಬ ಭಜಿ ಇತ್ತೇನು?” ಎಂದಳು.

ದಾವಲಸಾಬ ನನ್ನನ್ನು ಕೇಳದೆ ಮೇಲಿನ ಕಪಾಟಿನ ಒಳ್ಳೆಯ ಧೋತ್ರ ತೆಗೆದು ಫಕೀರಪ್ಪನ ಮಡಿಲಿಗೆ ಹಾಕಿದ. ನಾನು ಕಣ್ಣು ಕೆಂಪಗೆ ಮಾಡಿದೆ. “ನಾಡ ಒಂದಾತ್ರಿ ಅಕ್ಕಾರ,” ಎಂದ. “ಒಂದು ಧೋತ್ರದಾಗ ಇವರಿಬ್ಬರೂ ಒಂದಾಗಲಿ ಬಿಡ್ರಿ.”

ಅವರನ್ನು ಬಸ್ಸಿಗೆ ಹತ್ತಿಸಿ ಬಂದವನೂ ಅವನೇ. “ಹೇಣ್ತಿ ಸಲುವಾಗಿ ಎಂಟು ಮಿರ್ಚಿ ತಗೊಂಡಾನ್ರಿ,” ಎಂದು ವರದಿ ಒಪ್ಪಿಸಿದ. “ಬಸ್ಸು ಬಿಡೂದ್ರಾಗ ಆರು ತಾನ ತಿಂದ.”

ಆ ಚಳಿಗಾಲ ಐದೂ ಜವಳಿ ನಮಗೇ ಬಂದವು. ಜೊತೆಗೆ ಐವರು ಮದುಮಗಂದಿರೂ ಬಂದು “ಅಳಿಯಗ ಏನೈತ್ರಿ?” ಎಂದು ಗಾದಿಯ ಮೇಲೆ ಕೂತರು. ಅವರಿಗೊಂದೊಂದು ರುಮಾಲು ಸುತ್ತುವುದೂ ಪದ್ಧತಿಯಾಯಿತು.

ಎದುರಿನ ಅಂಗಡಿಗೆ ಯಾವಾಗ ಹೋಗುತ್ತೀ ಎಂದು ದಾವಲಸಾಬನನ್ನು ಕೇಳಿದೆ. ಗಜಕಡ್ಡಿ ಒರೆಸುತ್ತ, “ಅಲ್ಲಿ ಪಗಾರ ಹೆಚ್ಚೈತ್ರಿ. ಬೈಯಾಕ ಒಬ್ಬ ಅಳಿಯ ಇಲ್ಲ” ಎಂದ.

ಗಿರಾಕಿಗೆ ಹೇಳಿದ ಮಾತನ್ನು ಗಿರಾಕಿ ನಂಬಿಬಿಡುತ್ತಾರೆ. ವ್ಯಾಪಾರ ನನಗೆ ಕಲಿಸಿದ್ದು ಇಷ್ಟೇ. ಆಮೇಲೂ ಎಷ್ಟೋ ವರ್ಷ ಉಡಿ ತುಂಬಿದೆ, ತವರಮನಿ ಎಂದೂ ಅಂದೆ. ಆದರೆ ಅನ್ನುವ ಮೊದಲು ಒಮ್ಮೆ ಒಳಗೆ ಹೋಗಿ ಜೋಳದ ಹಿಟ್ಟು ಎಷ್ಟಿದೆ ಎಂದು ನೋಡಿ ಬರುತ್ತಿದ್ದೆ.